ಮೊಲ ಸಿಕ್ಕ ವರ್ಷ, ಮೊಲ ಸಿಗದ ವರ್ಷ: ಉತ್ತರದ ಬೇಟೆಗಾರ ಪ್ರಾಣಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಲಿಂಕ್ಸ್, ಅಲಾಸ್ಕಾದ ತೋಳ, ಆರ್ಕ್ಟಿಕ್ ನರಿ, ಹಿಮಕರಡಿ ಇವುಗಳ ಬಗ್ಗೆ ಶಾಲೆ ಕಾಲೇಜುಗಳಲ್ಲಿ ಮಾತನಾಡಿ ಮುಗಿಸಿದ ಮೇಲೆ ಎದ್ದು ನಿಂತವರು, ಆಮೇಲೆ ಕಾಗದ ಬರೆದವರು, ಲೇಖನ ಓದಿ ಪ್ರತಿಕ್ರಿಯಿಸಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಕೊನೆಗೆ ಇವೆ. ಯಾವ ಉತ್ತರವನ್ನಾದರೂ ಪ್ರತ್ಯೇಕವಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಯಾಕೆ ಸರ್ ಯಾವಾಗಲೂ ಕೆನಡಾ, ಅಲಾಸ್ಕಾ ಅಂತೀರಿ? ನಮ್ಮ ಬಂಡೀಪುರದಲ್ಲಿ ಹುಲಿ ಇಲ್ವಾ?

ಇದೆ, ಅದರ ಬಗ್ಗೆ ಕೊನೆಯ ಭಾಗದಲ್ಲಿ ಬರೆದಿದ್ದೇನೆ. ಆದರೆ ಆಹಾರದ ಏರಿಳಿತವು ಪ್ರಾಣಿಯ ನಡವಳಿಕೆಯನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಉತ್ತರಕ್ಕೇ ಹೋಗಬೇಕು. ಬಂಡೀಪುರದ ಹುಲಿಗೆ ಜಿಂಕೆ, ಕಡವೆ, ಕಾಟಿ, ಕಾಡುಹಂದಿ ಎಲ್ಲವೂ ಇವೆ. ಒಂದು ಕಡಿಮೆಯಾದರೆ ಇನ್ನೊಂದರ ಮೇಲೆ ಅದು ಬದುಕು ಸಾಗಿಸುತ್ತದೆ. ಕೆನಡಾದ ವಾಯವ್ಯ ಮೂಲೆಯಲ್ಲಿರುವ ಯೂಕಾನ್ ಪ್ರದೇಶದ ಲಿಂಕ್ಸ್‌ಗೆ ಹೊಟ್ಟೆ ತುಂಬಿಸುವ ಪ್ರಾಣಿ ಹೆಚ್ಚುಕಡಿಮೆ ಒಂದೇ, ಅದು ಸ್ನೋಶೂ ಮೊಲ. ಆ ಮೊಲದ ಸಂಖ್ಯೆಯೋ ಸುಮಾರು ಹತ್ತು ವರ್ಷಕ್ಕೊಮ್ಮೆ ಬೆಟ್ಟದಂತೆ ಏರಿ ಪಾತಾಳಕ್ಕೆ ಇಳಿಯುತ್ತದೆ. ಇನ್ನೂ ಉತ್ತರಕ್ಕೆ, ಮರಗಳೇ ಇಲ್ಲದ ಟಂಡ್ರಾದಲ್ಲಿ, ನರಿಯೂ ಗೂಬೆಯೂ ಲೆಮ್ಮಿಂಗ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಯನ್ನೇ ನಂಬಿಕೊಂಡಿರುತ್ತವೆ. ಪಾತ್ರಗಳು ಕಡಿಮೆ ಇರುವ ನಾಟಕದಲ್ಲಿ ಯಾರು ಯಾಕೆ ಏನು ಮಾಡಿದರು ಎಂಬುದು ಬೇಗ ಅರ್ಥವಾಗುತ್ತದೆ. ಉತ್ತರದ ಕಾಡಿನ ಅನುಕೂಲ ಅದೇ.

ಲಿಂಕ್ಸ್ ಅಂದ್ರೆ ಚಿರತೆ ಥರಾನಾ, ಬೆಕ್ಕಿನ ಥರಾನಾ?

ಬೆಕ್ಕಿಗೇ ಹತ್ತಿರ. ತೂಕ ಸಾಮಾನ್ಯವಾಗಿ ಹತ್ತು ಕಿಲೋದ ಆಸುಪಾಸು, ಅಂದರೆ ನಮ್ಮ ಬೀದಿನಾಯಿಗಿಂತ ಹಗುರ. ಕಿವಿಯ ತುದಿಯಲ್ಲಿ ಕರಿಯ ಕುಚ್ಚು, ಮೊಂಡು ಬಾಲ, ಮುಂಗಾಲಿಗಿಂತ ಉದ್ದವಾದ ಹಿಂಗಾಲು. ಪಾದ ಮಾತ್ರ ಆ ಮೈಗೆ ಒಪ್ಪದಷ್ಟು ದೊಡ್ಡದು, ಸುತ್ತಲೂ ದಟ್ಟ ಕೂದಲು ಬೇರೆ. ಇದರಿಂದ ಮೆತ್ತನೆಯ ಹಿಮದಲ್ಲಿ ಕಾಲು ಹೂತುಹೋಗುವುದಿಲ್ಲ. ಸ್ನೋಶೂ ಮೊಲದ ಹಿಂಗಾಲೂ ಹಾಗೆಯೇ ಅಗಲವಾಗಿದ್ದು, ಹಿಮದ ಮೇಲೆ ನಡೆಯಲು ಕಟ್ಟಿಕೊಳ್ಳುವ ಅಗಲವಾದ ಪಾದರಕ್ಷೆಯ ಹೆಸರೇ ಅದಕ್ಕೆ ಬಂದಿದೆ. ಒಂದೂವರೆ ಕಿಲೋ ತೂಗುವ ಈ ಮೊಲ ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಬೇಟೆಗಾರ ಮತ್ತು ಬಲಿ ಇಬ್ಬರೂ ಒಂದೇ ಹಿಮಕ್ಕೆ ಒಂದೇ ಬಗೆಯ ಕಾಲು ಬೆಳೆಸಿಕೊಂಡಿವೆ ಎನ್ನಬಹುದು.

ಹಸಿವಾದ್ರೆ ಕಾಡುಪ್ರಾಣಿ ಉಗ್ರ ಆಗಿಬಿಡುತ್ತೆ ಅಲ್ವಾ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು, ಮತ್ತು ಇದರ ಹಿಂದಿರುವ ಕಲ್ಪನೆ ಬಹುಮಟ್ಟಿಗೆ ತಪ್ಪು. ಬೇಟೆಗಾರ ಪ್ರಾಣಿಯ ಬದುಕು ಜಮಾಖರ್ಚಿನ ಬದುಕು. ಓಡುವುದು, ಕಾಯುವುದು, ಹಿಮ ತುಳಿದು ನಡೆಯುವುದು ಎಲ್ಲವೂ ಖರ್ಚಿನ ಕಡೆ. ಸಿಕ್ಕ ಮಾಂಸ ಮಾತ್ರ ಜಮೆ. ಬಲಿ ವಿರಳವಾದಾಗ ಹೆಚ್ಚಿನ ಪ್ರಾಣಿಗಳು ಮೊದಲು ಮಾಡುವುದು ಖರ್ಚಿನ ರೀತಿಯನ್ನು ಬದಲಿಸುವುದು: ಕೆಲವು ಹೆಚ್ಚು ಅಲೆಯುತ್ತವೆ, ಕೆಲವು ಅಲೆಯುವುದನ್ನು ಬಿಟ್ಟು ಕೂತು ಕಾಯುತ್ತವೆ, ಕೆಲವು ಮೊದಲು ಮೂಸಿಯೂ ನೋಡದ ಆಹಾರಕ್ಕೆ ಬಾಯಿ ಹಾಕುತ್ತವೆ, ಕೆಲವು ಆ ವರ್ಷ ಮರಿ ಮಾಡುವುದಿಲ್ಲ. ಗಾಯವಾದರೆ ಮುಂದಿನ ಬೇಟೆಯೇ ಇಲ್ಲವಾದ್ದರಿಂದ ಹಸಿದ ಪ್ರಾಣಿಯೂ ಅಪಾಯವನ್ನು ತೂಗಿಯೇ ನೋಡುತ್ತದೆ. ಊರಿನ ಕಸದ ಗುಂಡಿಗೆ ಬರುವ ಹಿಮಕರಡಿಯಂತೆ ಕೆಲವು ಪ್ರಾಣಿಗಳು ಹಸಿವಿನಿಂದ ಮನುಷ್ಯರ ಹತ್ತಿರ ಬರುವುದುಂಟು, ಅದು ಅಪಾಯಕಾರಿಯೂ ಹೌದು. ಆದರೆ ಅದನ್ನು ಸಿಟ್ಟು ಎಂದು ಓದಿದರೆ ಮುಂದಿನ ಯಾವ ಉತ್ತರವೂ ಸರಿಯಾಗಿ ಅರ್ಥವಾಗುವುದಿಲ್ಲ.

ಹತ್ತು ವರ್ಷಕ್ಕೊಮ್ಮೆ ಏರಿಳಿತ ಅಂತ ಯಾರು ಎಣಿಸಿದ್ದು? ಕಾಡಿನಲ್ಲಿ ಮೊಲ ಎಣಿಸೋಕೆ ಆಗುತ್ತಾ?

ಮೊದಲು ಎಣಿಸಿದ್ದು ವ್ಯಾಪಾರಿಗಳು, ಅದೂ ಬೇರೆ ಉದ್ದೇಶಕ್ಕೆ. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿ ಕೆನಡಾದ ಒಳನಾಡಿನಿಂದ ತುಪ್ಪಳದ ಚರ್ಮ ಕೊಳ್ಳುತ್ತಿತ್ತು. ಯಾವ ವರ್ಷ ಯಾವ ಪ್ರಾಣಿಯ ಎಷ್ಟು ಚರ್ಮ ಬಂತೆಂದು ಅದರ ಲೆಕ್ಕದ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಚಾರ್ಲ್ಸ್ ಎಲ್ಟನ್ ಆ ಪುಸ್ತಕಗಳ ಬೆನ್ನುಹತ್ತಿದರು. ಮೇರಿ ನಿಕೋಲ್ಸನ್ ಜೊತೆ 1942ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಲಿಂಕ್ಸ್ ಚರ್ಮದ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ತಪ್ಪದೆ ಏರಿ ಇಳಿದದ್ದು ಎದ್ದು ಕಂಡಿತು. ಚರ್ಮದ ಲೆಕ್ಕ ಪ್ರಾಣಿಯ ಲೆಕ್ಕವಲ್ಲ. ಬೆಲೆ ಏರಿದ ವರ್ಷ ಉರುಳು ಹಾಕುವವರೂ ಹೆಚ್ಚುತ್ತಾರೆ. ಆದರೂ ಮುಂದೆ ಕಾಡಿನಲ್ಲೇ ಮೊಲ ಹಿಡಿದು ಗುರುತು ಹಾಕಿ ಬಿಟ್ಟು ಮಾಡಿದ ಎಣಿಕೆಗಳಲ್ಲೂ ಅದೇ ಏರಿಳಿತ ಸಿಕ್ಕಿತು. ಮೊಲ ತುದಿ ಮುಟ್ಟಿದ ಒಂದೆರಡು ವರ್ಷ ತಡವಾಗಿ ಲಿಂಕ್ಸ್ ತುದಿ ಮುಟ್ಟುತ್ತದೆ.

## ಹೊಟ್ಟೆಯ ಲೆಕ್ಕ

ಮೊಲ ಕಡಿಮೆ ಆಗೋದು ಲಿಂಕ್ಸ್ ತಿಂದಿದ್ದಕ್ಕಾ, ಇಲ್ಲಾ ಮೊಲಕ್ಕೆ ಮೇವು ಮುಗಿದಿದ್ದಕ್ಕಾ?

ಈ ಜಗಳ ಬಹಳ ಕಾಲ ನಡೆಯಿತು. ಅದನ್ನು ಬಿಡಿಸಲು ಯೂಕಾನ್‌ನ ನೈಋತ್ಯ ಭಾಗದಲ್ಲಿರುವ ಕ್ಲುವಾನೆ ಸರೋವರದ ಬಳಿ 1986ರಿಂದ 1996ರವರೆಗೆ, ಅಂದರೆ ಒಂದು ಇಡೀ ಏರಿಳಿತದ ಕಾಲ, ಪರಿಸರ ವಿಜ್ಞಾನಿ ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು ಒಂದು ದೊಡ್ಡ ಪ್ರಯೋಗ ನಡೆಸಿದರು. ಒಂದೊಂದು ಚದರ ಕಿಲೋಮೀಟರಿನ ಕಾಡಿನ ತುಂಡುಗಳನ್ನು ಗುರುತಿಸಿ, ಕೆಲವಕ್ಕೆ ವರ್ಷವಿಡೀ ಮೊಲದ ಮೇವು ತಂದು ಸುರಿದರು; ಒಂದಕ್ಕೆ ವಿದ್ಯುತ್ ಬೇಲಿ ಹಾಕಿ ಲಿಂಕ್ಸ್‌ಗಳನ್ನೂ ಕಯೋಟಿ ಎಂಬ ಸಣ್ಣ ತೋಳದಂಥ ಪ್ರಾಣಿಗಳನ್ನೂ ಹೊರಗಿಟ್ಟರು; ಇನ್ನೊಂದಕ್ಕೆ ಬೇಲಿಯನ್ನೂ ಹಾಕಿ ಮೇವನ್ನೂ ಕೊಟ್ಟರು. ಯೂಕಾನ್ ಚಳಿಗಾಲದಲ್ಲಿ, ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿದಾಗ, ಕಿಲೋಮೀಟರುಗಟ್ಟಲೆ ವಿದ್ಯುತ್ ಬೇಲಿ ಕೆಲಸ ಮಾಡುವಂತೆ ನೋಡಿಕೊಳ್ಳುವುದೆಂದರೆ ಏನೆಂದು ನಮ್ಮಲ್ಲಿ ಆನೆಬೇಲಿ ಕಾಯುವವರಿಗೆ ಹೇಳಬೇಕಾಗಿಲ್ಲ.

ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಏನೂ ಮಾಡದೆ ಬಿಟ್ಟ ಕಾಡಿಗೆ ಹೋಲಿಸಿದರೆ, ಏರಿಕೆಯ ತುದಿಯಲ್ಲೂ ಇಳಿತದಲ್ಲೂ, ಬೇಲಿ ಮಾತ್ರ ಇದ್ದಲ್ಲಿ ಮೊಲಗಳು ಎರಡು ಪಟ್ಟು, ಮೇವು ಮಾತ್ರ ಕೊಟ್ಟಲ್ಲಿ ಮೂರು ಪಟ್ಟು ಇದ್ದವು. ಎರಡೂ ಇದ್ದಲ್ಲಿ ಐದಾರು ಪಟ್ಟು ಇರಬೇಕೆಂದು ಯಾರಾದರೂ ಊಹಿಸುತ್ತಾರೆ. ಇದ್ದದ್ದು ಹನ್ನೊಂದು ಪಟ್ಟು. ಮೇವು ಮತ್ತು ಬೇಟೆ ಎರಡು ಬೇರೆ ಬೇರೆ ಕಾರಣಗಳಾಗಿ ಪಕ್ಕಪಕ್ಕದಲ್ಲಿ ಕೂತಿಲ್ಲ, ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದು ಇದರಿಂದ ಕಂಡಿತು. ರೇಡಿಯೋ ಪಟ್ಟಿ ತೊಡಿಸಿದ್ದ ಮೊಲಗಳಲ್ಲಿ ಬಹುಪಾಲು ಸತ್ತದ್ದು ಯಾವುದೋ ಪ್ರಾಣಿಯ ಅಥವಾ ಹಕ್ಕಿಯ ಬಾಯಲ್ಲಿ. ಬರಿಯ ಹಸಿವಿನಿಂದ ಸತ್ತವು ಕೆಲವೇ. ಆದರೆ ಹಸಿದ ಮೊಲ ವಿಲ್ಲೋ ಚಿಗುರಿಗಾಗಿ ಬಯಲಿಗೆ ಬರುತ್ತದೆ, ಬಯಲಿಗೆ ಬಂದದ್ದು ಸಿಕ್ಕಿಬೀಳುತ್ತದೆ. ಬೇಲಿಯೂ ಮೇವೂ ಇದ್ದ ತುಂಡಿನಲ್ಲೂ ಕೊನೆಗೆ ಇಳಿತ ಬಂತು, ತಡವಾಗಿ ಬಂತು ಅಷ್ಟೆ. ಬೇಲಿ ಗೂಬೆಯನ್ನು ತಡೆಯಲಾರದು.

ಮೊಲ ಇಲ್ಲದ ವರ್ಷ ಲಿಂಕ್ಸ್ ಏನು ಮಾಡುತ್ತೆ?

ಮೊದಲನೆಯದಾಗಿ, ಅಳಿಲು ಹಿಡಿಯುತ್ತದೆ. ಉತ್ತರದ ಕೆಂಪು ಅಳಿಲು ಕಾಲು ಕಿಲೋದ ಪ್ರಾಣಿ. ಒಂದು ಮೊಲದ ಬದಲಿಗೆ ಆರು ಅಳಿಲು ಬೇಕು, ಆರು ಸಲ ಹೊಂಚು ಹಾಕಬೇಕು. ಕ್ಲುವಾನೆಯಲ್ಲಿ ಮೊಲ ಕುಸಿದ ಚಳಿಗಾಲಗಳಲ್ಲಿ ಲಿಂಕ್ಸ್‌ಗಳು ನಿಜವಾಗಿಯೂ ಅಳಿಲಿನ ಕಡೆ ಹೊರಳಿದವು. ಮೊಲ ಸಿಕ್ಕರೆ ಒಂದು ಲಿಂಕ್ಸ್ ಒಂದೆರಡು ದಿನಕ್ಕೊಂದನ್ನು ತಿಂದು ನೆಮ್ಮದಿಯಾಗಿರುತ್ತದೆ ಎಂಬುದನ್ನು ನೆನೆದರೆ ಈ ಬದಲಾವಣೆಯ ಭಾರ ತಿಳಿಯುತ್ತದೆ.

ಎರಡನೆಯದು ನನಗೆ ಬಹಳ ಇಷ್ಟವಾದ ಸಂಗತಿ: ಬೇಟೆಯ ಶೈಲಿಯೇ ಬದಲಾಗುತ್ತದೆ. ಮೊಲ ಹೇರಳವಾಗಿದ್ದಾಗ ಲಿಂಕ್ಸ್ ನಡೆಯುತ್ತಾ ನಡೆಯುತ್ತಾ ಎದುರು ಸಿಕ್ಕದ್ದನ್ನು ಅಟ್ಟುತ್ತದೆ. ಮೊಲ ಕಡಿಮೆಯಾದಂತೆ ಮೊಲದ ಹಾದಿಯ ಪಕ್ಕ ಹಿಮದಲ್ಲಿ ಮೈ ಹುದುಗಿಸಿ ಹೊಂಚು ಕೂರುವುದು ಹೆಚ್ಚುತ್ತದೆ. ಹೈನ್ಸ್ ಜಂಕ್ಷನ್ ಎಂಬ ಸಣ್ಣ ಊರಿನ ಆಚೆ, ಒಂದು ಮಾರ್ಚ್ ಬೆಳಿಗ್ಗೆ, ಅಂಥ ಒಂದು ಹೊಂಚುಗುಳಿಯನ್ನು ಮಂಡಿಯೂರಿ ನೋಡಿದ್ದೇನೆ. ಸ್ಪ್ರೂಸ್ ಮರದ ಕೆಳಗೊಂಬೆಯ ಅಡಿಯಲ್ಲಿ, ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ತಗ್ಗು. ಮೈಯ ಬಿಸಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ತಳ ಗಾಜಿನಂತೆ ಹೊಳೆಯುತ್ತಿತ್ತು, ಅದರಲ್ಲಿ ನಾಲ್ಕಾರು ಬೂದು ಕೂದಲು ಅಂಟಿಕೊಂಡಿದ್ದವು. ತಳ ಅಷ್ಟು ಗಟ್ಟಿಯಾಗಬೇಕಾದರೆ ಬಹಳ ಹೊತ್ತು ಕೂತಿರಬೇಕು. ಅಲ್ಲಿಂದ ಮೂರು ಜಿಗಿತದ ಗುರುತು, ಮೂರನೆಯದರ ಬಳಿ ಹಿಮ ಕೆದರಿತ್ತು. ಮೊಲದ ಹೆಜ್ಜೆ ಪಕ್ಕಕ್ಕೆ ಮುರಿದು ಪೊದೆಯೊಳಗೆ ಹೋಗಿತ್ತು. ರಕ್ತ ಎಲ್ಲೂ ಇರಲಿಲ್ಲ. ಲಿಂಕ್ಸ್ ನಾಲ್ಕನೆಯ ಜಿಗಿತ ಹಾಕಿರಲಿಲ್ಲ. ಸಾವಕಾಶದ ಹೆಜ್ಜೆ ಬೇರೆ ಕಡೆಗೆ ಹೋಗಿತ್ತು.

ಮೂರನೆಯದು, ಊರು ಬಿಡುವುದು. ಮೊಲ ಕುಸಿದ ಮೇಲೆ ಲಿಂಕ್ಸ್‌ಗಳು ತಮ್ಮ ನೆಲೆ ತೊರೆದು, ಹೊಳೆ ಬೆಟ್ಟ ದಾಟಿ, ನೇರ ದೂರದಲ್ಲೇ 1000 ಕಿಲೋಮೀಟರ್ ಆಚೆ ಸಿಕ್ಕ ದಾಖಲೆಗಳಿವೆ. ಹೋದಲ್ಲೆಲ್ಲ ಮೊಲ ಇರುತ್ತದೆಂದು ಏನೂ ಇಲ್ಲ. ಅಲೆದವುಗಳಲ್ಲಿ ಬಹಳಷ್ಟು ಸಾಯುತ್ತವೆ.

ಆಹಾರ ಕಡಿಮೆ ಅಂತ ಗೊತ್ತಾಗಿ ಮರಿ ಹಾಕೋದನ್ನ ನಿಲ್ಲಿಸುತ್ತಾ? ಅಷ್ಟು ಬುದ್ಧಿ ಇರುತ್ತಾ?

ಬುದ್ಧಿಯ ಮಾತು ಇಲ್ಲಿ ಬರುವುದಿಲ್ಲ, ಮೈಯ ಕೊಬ್ಬಿನ ಮಾತು ಬರುತ್ತದೆ. ಮೊಲ ಹೇರಳವಾಗಿರುವಾಗ ಹೆಣ್ಣು ಲಿಂಕ್ಸ್ ನಾಲ್ಕೈದು ಮರಿ ಹಾಕುತ್ತದೆ, ಒಂದು ವರ್ಷದ ಎಳೆಯ ಹೆಣ್ಣುಗಳೂ ಮರಿ ಮಾಡುತ್ತವೆ. ಕುಸಿತದ ಒಂದೆರಡು ವರ್ಷ ಎಳೆಯವು ಮರಿ ಮಾಡುವುದೇ ಇಲ್ಲ. ದೊಡ್ಡವು ಹಾಕಿದರೂ ಆ ಮರಿಗಳು ಚಳಿಗಾಲ ದಾಟುವುದು ಅಪರೂಪ.

ಆರ್ಕ್ಟಿಕ್ ನರಿಯಲ್ಲಿ ಇದು ಇನ್ನೂ ಸ್ವಾರಸ್ಯವಾಗಿದೆ. ಲೆಮ್ಮಿಂಗ್ ನಂಬಿದ ಟಂಡ್ರಾದ ನರಿಗಳು ಸುಗ್ಗಿಯ ವರ್ಷ ಒಂದೇ ಸೂಲಿಗೆ ಹತ್ತಕ್ಕಿಂತ ಹೆಚ್ಚು ಮರಿ ಹಾಕಿ, ಬರದ ವರ್ಷ ಒಂದೂ ಹಾಕದೆ ಇರಬಲ್ಲವು. ಲೆಮ್ಮಿಂಗ್ ಇಲ್ಲದ ಐಸ್‌ಲ್ಯಾಂಡಿನಲ್ಲಿ ಕಡಲಹಕ್ಕಿ, ಮೊಟ್ಟೆ, ದಡಕ್ಕೆ ಬಿದ್ದ ಹೆಣ ತಿಂದು ಬದುಕುವ ಅದೇ ಜಾತಿಯ ನರಿಗಳು ವರ್ಷ ವರ್ಷವೂ ನಾಲ್ಕೈದರ ಲೆಕ್ಕದಲ್ಲಿ ಹಾಕುತ್ತವೆ. ಒಂದು ಕುಟುಂಬ ಲಾಟರಿ ನಂಬಿದೆ, ಇನ್ನೊಂದು ತಿಂಗಳ ಸಂಬಳ ನಂಬಿದೆ.

## ಬೇರೆ ಬೇಟೆಗಾರರು

ಲೆಮ್ಮಿಂಗ್‌ಗಳು ಗುಂಪಾಗಿ ಸಮುದ್ರಕ್ಕೆ ಹಾರಿ ಆತ್ಮಹತ್ಯೆ ಮಾಡಿಕೊಳ್ತವೆ ಅಂತ ಓದಿದ್ದೆ, ನಿಜಾನಾ?

ಸುಳ್ಳು. ಸಂಖ್ಯೆ ವಿಪರೀತವಾದಾಗ ಅವು ಗುಳೆ ಹೋಗುತ್ತವೆ, ಹೊಳೆ ಈಜುವಾಗ ಕೆಲವು ಮುಳುಗುತ್ತವೆ, ಅಷ್ಟೆ. ಅವುಗಳ ಸಂಖ್ಯೆ ಮೂರರಿಂದ ಐದು ವರ್ಷಕ್ಕೊಮ್ಮೆ ಏರಿ ಕುಸಿಯುವುದು ಮಾತ್ರ ನಿಜ, ಮತ್ತು ಅದರ ಪರಿಣಾಮ ಲೆಮ್ಮಿಂಗ್‌ಗೆ ಸಂಬಂಧವೇ ಇಲ್ಲದ ಪ್ರಾಣಿಗಳ ಮನೆಬಾಗಿಲಿಗೂ ಬರುತ್ತದೆ. ಕೆನಡಾದ ಬೈಲಟ್ ದ್ವೀಪದಲ್ಲಿ ಹಿಮ ಹೆಬ್ಬಾತುಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ಲೆಮ್ಮಿಂಗ್ ಹೆಚ್ಚಿರುವ ವರ್ಷ ನರಿಗಳು ಅವನ್ನೇ ಹಿಡಿಯುತ್ತಾ ಹೆಬ್ಬಾತನ್ನು ಅಷ್ಟಾಗಿ ಕಾಡುವುದಿಲ್ಲ. ಲೆಮ್ಮಿಂಗ್ ಕುಸಿದ ವರ್ಷ ಅದೇ ನರಿಗಳು ಮೊಟ್ಟೆಗಳನ್ನು ಕದ್ದು, ತಿಂದು, ಉಳಿದದ್ದನ್ನು ನೆಲದಲ್ಲಿ ಹೂತಿಡುತ್ತವೆ. ಹೆಬ್ಬಾತಿನ ಸಂಸಾರ ಚೆನ್ನಾಗಿ ನಡೆಯಿತೋ ಇಲ್ಲವೋ ತಿಳಿಯಬೇಕಾದರೆ ಇಲಿ ಎಣಿಸಬೇಕು.

ಹಿಮಗೂಬೆಗಳು ಕೆಲವು ಚಳಿಗಾಲ ದಕ್ಷಿಣಕ್ಕೆ ಹಿಂಡುಹಿಂಡಾಗಿ ಬರೋದು ಅಲ್ಲಿ ಬರಗಾಲ ಬಂದಿದ್ದಕ್ಕೆ ತಾನೇ? (ಬಾಸ್ಟನ್‌ನಲ್ಲಿರುವ ಕನ್ನಡದ ಓದುಗರೊಬ್ಬರು)

ಬಹಳ ಕಾಲ ಹಾಗೆಯೇ ತಿಳಿಯಲಾಗಿತ್ತು. 2013-14ರ ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಅಪಾರ ಸಂಖ್ಯೆಯ ಹಿಮಗೂಬೆಗಳು ಬಂದಾಗ, ಅವುಗಳಲ್ಲಿ ಬಹುಪಾಲು ಅದೇ ವರ್ಷ ಹುಟ್ಟಿದ ಎಳೆಯವು ಮತ್ತು ಹೆಚ್ಚಿನವು ಮೈ ತುಂಬಿಕೊಂಡವು ಎಂದು ಕಂಡುಬಂತು. ಹಿಂದಿನ ಬೇಸಿಗೆಯಲ್ಲಿ ಉತ್ತರ ಕ್ವಿಬೆಕ್‌ನಲ್ಲಿ ಲೆಮ್ಮಿಂಗ್ ಸುಗ್ಗಿಯಾಗಿತ್ತು. ಒಂದು ಗೂಡಿನ ಸುತ್ತ ತಂದೆ ಗೂಬೆ ತಂದು ಪೇರಿಸಿದ್ದ ಎಪ್ಪತ್ತರಷ್ಟು ಲೆಮ್ಮಿಂಗ್‌ಗಳ ಚಿತ್ರ ಆಗ ಬಹಳ ಹೆಸರಾಯಿತು. ಮರಿಗಳು ಅಷ್ಟು ಹೆಚ್ಚಿದ್ದರಿಂದ ಚಳಿಗಾಲಕ್ಕೆ ಅವು ದಕ್ಷಿಣಕ್ಕೆ ಚೆಲ್ಲಿಬಂದವು. ಕಣ್ಣಿಗೆ ಬರದ ಲಕ್ಷಣವಾಗಿ ಕಂಡದ್ದು ಸುಗ್ಗಿಯ ಉಳಿಕೆಯಾಗಿತ್ತು.

ನರಿ ಒಂದು ಖಂಡದಿಂದ ಇನ್ನೊಂದಕ್ಕೆ ನಡೆದುಹೋಯ್ತು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ನಂಬಬಹುದಾ?

ನಂಬಬಹುದು, ವಾಟ್ಸಾಪಿನಲ್ಲಿ ಬಂದರೂ. ನಾರ್ವೆಯ ಧ್ರುವ ಸಂಶೋಧನಾ ಸಂಸ್ಥೆಯವರು ಉಪಗ್ರಹ ಪಟ್ಟಿ ತೊಡಿಸಿದ್ದ ಒಂದು ಎಳೆಯ ಹೆಣ್ಣು ನರಿ 2018ರ ಮಾರ್ಚ್ 26ರಂದು ಸ್ವಾಲ್‌ಬಾರ್ಡ್ ದ್ವೀಪಸಮೂಹದ ಸ್ಪಿಟ್ಸ್‌ಬರ್ಗನ್ ಬಿಟ್ಟು, ಹೆಪ್ಪುಗಟ್ಟಿದ ಕಡಲ ಮೇಲೆ ಗ್ರೀನ್‌ಲ್ಯಾಂಡ್ ದಾಟಿ, ಕೆನಡಾದ ಎಲ್ಸ್‌ಮಿಯರ್ ದ್ವೀಪ ಸೇರಿತು. 76 ದಿನದಲ್ಲಿ 3506 ಕಿಲೋಮೀಟರ್. ಒಂದು ದಿನವಂತೂ 155 ಕಿಲೋಮೀಟರ್. ಸ್ವಾಲ್‌ಬಾರ್ಡ್‌ನ ನರಿಗಳ ಊಟ ಬಹುಮಟ್ಟಿಗೆ ಕಡಲಿನದು, ಎಲ್ಸ್‌ಮಿಯರ್‌ನ ನರಿಗಳದು ಲೆಮ್ಮಿಂಗ್. ಎರಡೂವರೆ ತಿಂಗಳ ನಡಿಗೆಯ ಕೊನೆಗೆ ಆ ನರಿ ತಿಂಡಿಯ ಪಟ್ಟಿಯನ್ನೇ ಬದಲಿಸಿಕೊಳ್ಳಬೇಕಾಗಿತ್ತು.

ತೋಳಗಳು ಗುಂಪು ಕಟ್ಟಿಕೊಂಡು ದೊಡ್ಡ ಪ್ರಾಣಿಗಳನ್ನೇ ಹೊಡೆಯೋದಲ್ವಾ? ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ.

ಹೊಡೆಯುತ್ತವೆ. ಕುದುರೆಗಿಂತ ಎತ್ತರವಾದ ಮೂಸ್ ಎಂಬ ಜಿಂಕೆಜಾತಿಯ ಪ್ರಾಣಿಯನ್ನೂ, ಗುಂಪಾಗಿ ಕೊಂಬು ಹೊರಗೆ ಮಾಡಿ ನಿಲ್ಲುವ ಮಸ್ಕಾಕ್ಸ್‌ಗಳನ್ನೂ ತೋಳಗಳು ಬೀಳಿಸುತ್ತವೆ. ಆದರೆ ಅಮೆರಿಕದ ಮಿನೆಸೋಟ ರಾಜ್ಯದ ವಾಯೇಜರ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯ ತೋಳ ಒಂಟಿಯಾಗಿ, ಬೀವರ್ ಎಂಬ ನೀರಿನಲ್ಲಿ ಬಾಳುವ ದಂಶಕ ಪ್ರಾಣಿ ಕಟ್ಟಿದ ಕೆರೆಯ ಏರಿಯ ಪಕ್ಕ, ಗಾಳಿ ತನ್ನ ವಾಸನೆಯನ್ನು ಅತ್ತ ಒಯ್ಯದ ಜಾಗ ಆರಿಸಿಕೊಂಡು ಗಂಟೆಗಟ್ಟಲೆ ಮಲಗಿರುತ್ತದೆ. ಬೀವರ್‌ಗೆ ಕಣ್ಣು ಮಂದ, ಮೂಗು ಚುರುಕು. ಅದೇ ತೋಳಗಳು ಜುಲೈ ತಿಂಗಳಲ್ಲಿ ಬ್ಲೂಬೆರಿ ಹಣ್ಣು ತಿನ್ನುತ್ತವೆ, ಮರಿಗಳಿಗೆ ಕಕ್ಕಿ ಕೊಡುತ್ತವೆ. ಬ್ರಿಟಿಷ್ ಕೊಲಂಬಿಯದ ಕರಾವಳಿಯಲ್ಲಿ ಶರತ್ಕಾಲ ಬಂದರೆ ತೋಳ ಮೀನುಗಾರ.

ಅಲಾಸ್ಕಾದ ಪ್ಲೆಸೆಂಟ್ ದ್ವೀಪದ ಕಥೆ ಇವೆಲ್ಲಕ್ಕಿಂತ ತೀಕ್ಷ್ಣ. 2013ರಲ್ಲಿ ಅಲ್ಲಿಗೆ ಈಜಿ ಬಂದು ನೆಲೆಸಿದ ತೋಳಗಳು ಕೆಲವೇ ವರ್ಷದಲ್ಲಿ ದ್ವೀಪದ ಜಿಂಕೆಗಳನ್ನು ಬಹುತೇಕ ಮುಗಿಸಿದವು. ಜಿಂಕೆ ಮುಗಿದ ಮೇಲೆ ತೋಳವೂ ಮುಗಿಯಬೇಕೆಂಬುದು ಪುಸ್ತಕದ ಲೆಕ್ಕ. ಅವು ಮಾಡಿದ್ದೇನೆಂದರೆ, ದಡದ ಬಂಡೆಗಳಿಗೆ ಬರುವ ಕಡಲ ನೀರುನಾಯಿಗಳನ್ನು ಹಿಡಿಯಲು ಕಲಿತವು. 2017ರ ಹೊತ್ತಿಗೆ ಅವುಗಳ ಊಟದಲ್ಲಿ ಅರ್ಧಕ್ಕಿಂತ ಹೆಚ್ಚು ನೀರುನಾಯಿಯೇ ಇತ್ತು. ತುಪ್ಪಳದ ವ್ಯಾಪಾರದಿಂದ ಆ ಭಾಗದಲ್ಲಿ ನಾಶವಾಗಿ, ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯರೇ ಮರಳಿ ತಂದು ಬಿಟ್ಟಿದ್ದ ನೀರುನಾಯಿಗಳು ಅವು.

ಕರಡಿ ಎದುರಿಗೆ ಮೀನು ಇದ್ರೂ ಬಿಟ್ಟು ಹಣ್ಣು ತಿನ್ನೋಕೆ ಹೋಗುತ್ತಂತೆ. ಯಾಕೆ?

ಅಲಾಸ್ಕಾದ ಕೋಡಿಯಾಕ್ ದ್ವೀಪದಲ್ಲಿ ಮೊದಲು ಸಾಲ್ಮನ್ ಮೀನು ಹೊಳೆಗೆ ಏರುತ್ತದೆ, ಅದು ಮುಗಿಯುವ ಹೊತ್ತಿಗೆ ಕೆಂಪು ಎಲ್ಡರ್‌ಬೆರಿ ಹಣ್ಣಾಗುತ್ತದೆ. ಕರಡಿಗೆ ಒಂದಾದ ಮೇಲೊಂದು ಪಂಕ್ತಿ. 2014ರಂಥ ಬೆಚ್ಚನೆಯ ವರ್ಷದಲ್ಲಿ ಹಣ್ಣು ಬೇಗ ಮಾಗಿ ಎರಡೂ ಒಟ್ಟಿಗೆ ಬಂದವು. ಕರಡಿಗಳು ಹೊಳೆ ತೊರೆದು ಹಣ್ಣಿಗೆ ಹೋದವು. ಮೀನಿನಲ್ಲಿ ಪ್ರೋಟೀನ್ ಅತಿಯಾಯಿತು, ಎಲ್ಡರ್‌ಬೆರಿಯಲ್ಲಿ ಅದು ಕೊಬ್ಬು ಕೂಡಿಸಲು ಬೇಕಾದ ಹದದಲ್ಲಿದೆ ಎಂಬುದು ಸಂಶೋಧಕರು ಕೊಟ್ಟ ಕಾರಣ.

ಸಮೃದ್ಧಿಯಲ್ಲಿ ಆಯ್ದು ತಿನ್ನುವುದು ಕರಡಿಗೆ ಹೊಸದಲ್ಲ. ಮೀನು ಕಿಕ್ಕಿರಿದಾಗ ಅದು ಮಿದುಳು, ಚರ್ಮ, ತತ್ತಿ ತಿಂದು ಉಳಿದದ್ದನ್ನು ಬಿಸಾಡುತ್ತದೆ. ಮೀನು ಕಡಿಮೆಯಿದ್ದಾಗ ಮುಳ್ಳೂ ಬಿಡುವುದಿಲ್ಲ. ಒಂಟಿಯಾಗಿ ಇರಬೇಕಾದ ಕರಡಿಗಳು ಅಲಾಸ್ಕಾದ ಮೆಕ್‌ನೀಲ್ ನದಿಯ ಜಲಪಾತದಲ್ಲಿ ಹತ್ತಾರು ಒಟ್ಟಿಗೆ, ಒಂದರ ಪಕ್ಕ ಒಂದು ನಿಂತು ಮೀನು ಹಿಡಿಯುವುದೂ ಇದೇ ಸಮೃದ್ಧಿಯ ಫಲ. ಮದುವೆಮನೆಯಲ್ಲಿ ಎಲೆಗಾಗಿ ನೂಕುನುಗ್ಗಲು ಆಗುವುದು ಅಡುಗೆ ಸಾಲದಾದಾಗ ಮಾತ್ರ.

ಹಿಮಕರಡಿ ಸೀಲ್ ಸಿಗದಿದ್ರೆ ಬೇರೆ ಏನಾದ್ರೂ ತಿಂದು ಬದುಕಬಹುದಲ್ವಾ?

ತಿನ್ನುತ್ತದೆ, ಬದುಕುವುದು ಕಷ್ಟ. ಅದು ಸೀಲ್ ಹಿಡಿಯುವುದು ಹೆಪ್ಪುಗಟ್ಟಿದ ಕಡಲ ಮೇಲೆ, ಮುಖ್ಯವಾಗಿ ವಸಂತದಲ್ಲಿ ಸೀಲ್‌ಗಳು ಮರಿ ಹಾಕುವಾಗ. ಆಗಲೂ ಚೆನ್ನಾಗಿ ಸಿಕ್ಕರೆ ಚರ್ಮ, ಕೊಬ್ಬು ತಿಂದು ಮಾಂಸವನ್ನು ಹಿಂದೆ ಬರುವ ನರಿಗಳಿಗೆ ಬಿಡುತ್ತದೆ. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮದಲ್ಲಿ ಬೇಸಿಗೆಗೆ ಕಡಲ ಮಂಜುಗಡ್ಡೆ ಕರಗಿದಾಗ ಕರಡಿಗಳು ದಡ ಸೇರಿ ತಿಂಗಳುಗಟ್ಟಲೆ ಉಪವಾಸ ಇರುತ್ತವೆ. ಹುಲ್ಲು, ಹಣ್ಣು, ಹಕ್ಕಿ, ಮೊಟ್ಟೆ ತಿನ್ನುವುದನ್ನೂ ಈಜುತ್ತಾ ಹೆಣ ಹುಡುಕುವುದನ್ನೂ ಕ್ಯಾಮೆರಾ ಪಟ್ಟಿಗಳು ತೋರಿಸಿವೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಗಮನಿಸಿದ 20 ಕರಡಿಗಳಲ್ಲಿ 19 ತೂಕ ಕಳೆದುಕೊಂಡವು, ಕೆಲವು ದಿನಕ್ಕೆ 1.7 ಕಿಲೋವರೆಗೆ. ಸುಮ್ಮನೆ ಮಲಗಿದ್ದವೂ ಅಷ್ಟೇ, ಆಹಾರ ಹುಡುಕಿ ಅಲೆದವೂ ಅಷ್ಟೇ. ಸಿಕ್ಕದ್ದು ಹುಡುಕಾಟದ ಖರ್ಚಿಗೇ ಹೋಯಿತು.

## ಸ್ವಲ್ಪ ಆಳಕ್ಕೆ

ಪುಸ್ತಕದಲ್ಲಿ ಫಂಕ್ಷನಲ್ ರೆಸ್ಪಾನ್ಸ್, ನ್ಯೂಮರಿಕಲ್ ರೆಸ್ಪಾನ್ಸ್ ಅಂತ ಬರುತ್ತೆ. ಪರೀಕ್ಷೆಗೆ ಬರೆಯೋ ಥರ ಅಲ್ಲ, ಅರ್ಥ ಆಗೋ ಥರ ಹೇಳಿ.

ಮದುವೆಯ ಊಟವನ್ನೇ ತೆಗೆದುಕೊಳ್ಳಿ. ಹೋಳಿಗೆ ಹೆಚ್ಚು ಬಡಿಸಿದಷ್ಟೂ ಒಬ್ಬ ಹೆಚ್ಚು ತಿನ್ನುತ್ತಾನೆ, ಆದರೆ ಒಂದು ಮಿತಿಯವರೆಗೆ. ಅಗಿಯಲು, ಅರಗಿಸಲು ಹೊತ್ತು ಬೇಕು. ಒಬ್ಬೊಬ್ಬ ತಿನ್ನುವ ಪ್ರಮಾಣದ ಈ ಬದಲಾವಣೆ ಫಂಕ್ಷನಲ್ ರೆಸ್ಪಾನ್ಸ್. ಊಟ ಚೆನ್ನಾಗಿದೆ ಎಂದು ಸುದ್ದಿ ಹರಡಿ ಉಣ್ಣುವವರ ಸಂಖ್ಯೆಯೇ ಹೆಚ್ಚುವುದು ನ್ಯೂಮರಿಕಲ್ ರೆಸ್ಪಾನ್ಸ್. ಇದನ್ನು ಕೆನಡಾದ ಪರಿಸರ ವಿಜ್ಞಾನಿ ಹಾಲಿಂಗ್ 1959ರಲ್ಲಿ, ನೆಲದೊಳಗಿನ ಕೀಟದ ಕೋಶಗಳನ್ನು ತಿನ್ನುವ ಪುಟ್ಟ ಸಸ್ತನಿಗಳ ಮೇಲೆ ಕೆಲಸ ಮಾಡಿ, ವಿವರವಾಗಿ ತೋರಿಸಿದರು.

ಕ್ಲುವಾನೆಯಲ್ಲಿ ಒಂದು ಲಿಂಕ್ಸ್ ಕೊಲ್ಲುವ ಮೊಲ ದಿನಕ್ಕೆ 0.3ರಿಂದ 1.2ರವರೆಗೆ ಏರಿತು, ಕಯೋಟಿಯದು 0.3ರಿಂದ 2.3ರವರೆಗೆ. ಕಯೋಟಿ ಲಿಂಕ್ಸ್‌ಗಿಂತ ಹೆಚ್ಚು ತಿನ್ನುತ್ತದೆಂದು ಇದರ ಅರ್ಥವಲ್ಲ. ಚಳಿಗಾಲದ ಆರಂಭದಲ್ಲಿ ಅದು ಬೇಕಾದದ್ದಕ್ಕಿಂತ ಹೆಚ್ಚು ಕೊಂದು ಹಿಮದಲ್ಲಿ ಹೂತಿಡುತ್ತದೆ. ಉಂಡು ಹೋಗುವವನು ಒಬ್ಬ, ಡಬ್ಬಿ ತುಂಬಿಸಿಕೊಳ್ಳುವವನು ಇನ್ನೊಬ್ಬ; ಕೊಂದದ್ದರ ಎಣಿಕೆಯನ್ನು ತಿಂದದ್ದರ ಎಣಿಕೆ ಎಂದುಕೊಳ್ಳಬಾರದು.

ಕೊನೆಗೆ ಪ್ರಕೃತಿ ತಾನೇ ಸಮತೋಲನಕ್ಕೆ ಬರುತ್ತೆ ಅಲ್ವಾ?

ಈ ಮಾತನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇನೋ. ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಐಲ್ ರಾಯಲ್ ದ್ವೀಪದಲ್ಲಿ ತೋಳ ಮತ್ತು ಮೂಸ್‌ಗಳನ್ನು 1958ರಿಂದ ಇಂದಿನವರೆಗೆ ಗಮನಿಸುತ್ತಾ ಬಂದಿದ್ದಾರೆ. 1980ರಲ್ಲಿ ಐವತ್ತು ತೋಳಗಳಿದ್ದವು. ನಾಯಿಗಳಿಂದ ಬಂದ ಪಾರ್ವೊ ಸೋಂಕಿನಿಂದ ಎರಡು ವರ್ಷದಲ್ಲಿ ಹದಿನಾಲ್ಕಕ್ಕೆ ಇಳಿದವು. 1996ರ ಕಡುಚಳಿಗಾಲದಲ್ಲಿ ಮೂಸ್‌ಗಳು ರಾಶಿರಾಶಿ ಸತ್ತವು. ಸರೋವರ ಹೆಪ್ಪುಗಟ್ಟುವುದು ಅಪರೂಪವಾಗಿ ಹೊಸ ತೋಳಗಳು ಬರದೆ, ಒಳಸಂಬಂಧದಿಂದ ಕುಲ ಕುಗ್ಗಿ, 2016ರ ಹೊತ್ತಿಗೆ ಉಳಿದದ್ದು ಎರಡು. ಮೂಸ್ ಎರಡು ಸಾವಿರ ದಾಟಿತು. 2018-19ರಲ್ಲಿ 19 ತೋಳಗಳನ್ನು ಹೊರಗಿನಿಂದ ತಂದು ಬಿಟ್ಟರು. ಅರವತ್ತು ವರ್ಷದಲ್ಲಿ ತಕ್ಕಡಿ ಸಮವಾಗಿ ನಿಂತ ಒಂದು ಕಾಲವನ್ನು ನಾನಂತೂ ಗುರುತಿಸಲಾರೆ. ಬಲಿಪ್ರಾಣಿಯ ಲಭ್ಯತೆ ಬೇಟೆಗಾರನನ್ನು ರೂಪಿಸುತ್ತದೆ ನಿಜ, ಆದರೆ ರೋಗ, ಮಂಜುಗಡ್ಡೆ, ರಕ್ತಸಂಬಂಧ ಯಾವುದೂ ಆ ಲೆಕ್ಕಕ್ಕೆ ಕಾದು ಕೂರುವುದಿಲ್ಲ.

ಬೇಟೆಗಾರ ತಿನ್ನದೇ, ಬರೀ ಹೆದರಿಸಿದ್ರೂ ಬಲಿಪ್ರಾಣಿ ಕಡಿಮೆ ಆಗುತ್ತಾ?

ಆಗುತ್ತದೆ ಎನ್ನಲು ಆಧಾರವಿದೆ. ಸಂಶೋಧಕ ರೂಡಿ ಬೂನ್‌ಸ್ಟ್ರಾ ಮತ್ತು ಸಂಗಡಿಗರು ಯೂಕಾನ್‌ನಲ್ಲಿ ತೋರಿಸಿದಂತೆ, ಬೇಟೆಗಾರರು ಹೆಚ್ಚಿರುವ ಇಳಿತದ ವರ್ಷಗಳಲ್ಲಿ ಮೊಲಗಳ ಮೈಯಲ್ಲಿ ಒತ್ತಡದ ಹಾರ್ಮೋನು ಏರಿರುತ್ತದೆ. ಅಂಥ ತಾಯಂದಿರು ಹಾಕುವ ಮರಿಗಳು ಕಡಿಮೆ, ಇರುವವು ಸಣ್ಣವು. ಒತ್ತಡದ ಗುರುತು ಮರಿಗಳಿಗೂ ದಾಟುತ್ತದೆ. ಲಿಂಕ್ಸ್ ಕುಸಿದ ಮೇಲೂ ಮೊಲ ತಕ್ಷಣ ಚೇತರಿಸಿಕೊಳ್ಳದೆ ಎರಡು ಮೂರು ವರ್ಷ ತಳದಲ್ಲೇ ಉಳಿಯುವುದಕ್ಕೆ ಇದೊಂದು ಕಾರಣ ಇರಬಹುದೆಂದು ಅವರ ವಾದ.

ನಮ್ಮ ನಾಗರಹೊಳೆ ಹುಲಿಗೂ ಈ ಲೆಕ್ಕ ಅನ್ವಯಿಸುತ್ತಾ?

ಅನ್ವಯಿಸುತ್ತದೆ, ಮತ್ತು ಅದನ್ನು ಅಳೆದು ತೋರಿಸಿದ ಕೆಲಸದ ಬೇರು ನಾಗರಹೊಳೆಯಲ್ಲೇ ಇದೆ. ಉಲ್ಲಾಸ ಕಾರಂತ ಮತ್ತು ಸಂಗಡಿಗರು 2004ರಲ್ಲಿ, ಭಾರತದ ಹನ್ನೊಂದು ತಾಣಗಳ ಮಾಹಿತಿಯಿಂದ, ಒಂದು ಕಾಡಿನಲ್ಲಿ ಎಷ್ಟು ಹುಲಿ ಇರಬಲ್ಲವೆಂಬುದನ್ನು ಅಲ್ಲಿರುವ ಬಲಿಪ್ರಾಣಿಗಳ ಸಾಂದ್ರತೆಯಿಂದಲೇ ಊಹಿಸಬಹುದೆಂದು ತೋರಿಸಿದರು. ಒಂದು ಹುಲಿ ವರ್ಷಕ್ಕೆ ಸುಮಾರು ಐವತ್ತು ಜಿಂಕೆ ಗಾತ್ರದ ಪ್ರಾಣಿ ಕೊಲ್ಲುತ್ತದೆ. ಅಸಲು ಕರಗದೆ ಬಡ್ಡಿಯಲ್ಲೇ ಊಟ ನಡೆಯಬೇಕಾದರೆ ಕಾಡಿನಲ್ಲಿ ಅಂಥ ಪ್ರಾಣಿಗಳು ಸುಮಾರು ಐನೂರು ಇರಬೇಕು.

ಉತ್ತರದೊಂದಿಗೆ ಹೋಲಿಕೆ ಇಲ್ಲೇ ಸಿಗುತ್ತದೆ. ರಷ್ಯಾದ ದೂರಪೂರ್ವದ ಸಿಖೋತೆ-ಅಲಿನ್ ಬೆಟ್ಟಗಳಲ್ಲಿ ಒಂದು ಹೆಣ್ಣು ಹುಲಿಗೆ ಬೇಕಾಗುವ ನೆಲೆ ಸುಮಾರು 400 ಚದರ ಕಿಲೋಮೀಟರ್. ನಾಗರಹೊಳೆಯಲ್ಲಿ ಹತ್ತಿಪ್ಪತ್ತು ಸಾಕು. ಹಿಮದ ಕಾಡಿನಲ್ಲಿ ಜಿಂಕೆ, ಹಂದಿಗಳು ಅಷ್ಟು ವಿರಳ. ಜಾತಿ ಒಂದೇ, ನಾಗರಹೊಳೆಯ ಹುಲಿ ನೆರೆಹೊರೆಯವರ ನಡುವೆ ಗಡಿ ಕಾಯುತ್ತಾ ಬಾಳುತ್ತದೆ, ಸಿಖೋತೆ-ಅಲಿನ್‌ನ ಹುಲಿ ಒಂಟಿ ದಾರಿಹೋಕನಂತೆ.

ಬಿಸಿಲು ಹೆಚ್ಚಾದ್ರೆ ಈ ಹತ್ತು ವರ್ಷದ ಚಕ್ರ ನಿಂತುಹೋಗುತ್ತಾ?

ಲೆಮ್ಮಿಂಗ್ ವಿಷಯದಲ್ಲಿ ನಿಂತ ಉದಾಹರಣೆಗಳಿವೆ. ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ 2000ದ ಬಳಿಕ ಸುಗ್ಗಿಯ ವರ್ಷಗಳೇ ಬರುವುದು ತಪ್ಪಿ, ಹಿಮಗೂಬೆ ಮರಿ ಮಾಡುವುದು ತೀರ ಇಳಿಯಿತು. ಹಿಮದ ಅಡಿಯಲ್ಲಿ ಸುರಂಗ ಮಾಡಿ ಚಳಿಗಾಲವಿಡೀ ಮರಿ ಮಾಡುವ ಪ್ರಾಣಿಗೆ ಹಿಮ ಒಣಗಿರಬೇಕು, ಮೆತ್ತಗಿರಬೇಕು. ನಡುವೆ ಕರಗಿ ಮತ್ತೆ ಗಟ್ಟಿಯಾದರೆ ಮೇವಿನ ಮೇಲೆ ಐಸಿನ ಮುಚ್ಚಳ ಬೀಳುತ್ತದೆ. ಸ್ನೋಶೂ ಮೊಲದ ತೊಂದರೆ ಬೇರೆ: ಅದರ ಬಣ್ಣ ಬದಲಾಗುವುದು ಹಗಲಿನ ಉದ್ದವನ್ನು ನೋಡಿಕೊಂಡು, ಹಿಮ ಬಿದ್ದಿದೆಯೇ ಎಂದು ನೋಡಿಕೊಂಡಲ್ಲ. ಹಿಮ ತಡವಾದ ವರ್ಷ ಕಂದು ಎಲೆಗಳ ಮೇಲೆ ಅಚ್ಚಬಿಳಿಯ ಮೊಲ ಕೂತಿರುತ್ತದೆ, ತಾನು ಕಾಣುತ್ತಿಲ್ಲವೆಂದು ನಂಬಿಕೊಂಡು.

ಮೊಲ ಮಾಂಸ ತಿನ್ನುತ್ತೆ ಅಂತ ಮಗಳು ವಿಡಿಯೋ ತೋರಿಸಿದಳು. ಇದಂತೂ ಸುಳ್ಳೇ ಅಲ್ವಾ?

ಮಗಳು ಹೇಳಿದ್ದೇ ಸರಿ. ಯೂಕಾನ್‌ನ ಚಳಿಗಾಲದಲ್ಲಿ ಹೆಣಗಳ ಬಳಿ ಇಟ್ಟ ಕ್ಯಾಮೆರಾಗಳಲ್ಲಿ ಸ್ನೋಶೂ ಮೊಲಗಳು ಬಂದು ಮಾಂಸ ತಿನ್ನುವುದು ದಾಖಲಾಗಿದೆ. ಚಿಗುರು ಸಿಗದ, ಸಿಕ್ಕರೂ ಅದರಲ್ಲಿ ಪ್ರೋಟೀನ್ ಇಲ್ಲದ ತಿಂಗಳುಗಳವು. ಅವು ತಿಂದದ್ದರಲ್ಲಿ ಸತ್ತ ಮೊಲಗಳಿದ್ದವು, ಸತ್ತ ಹಕ್ಕಿಗಳಿದ್ದವು, ಒಂದು ಕಡೆ ಸತ್ತ ಲಿಂಕ್ಸ್ ಕೂಡ ಇತ್ತು.